ಮೂಡಲ ಬಾಗಿಲಿನ ದಾರಿಗಳು

ಮುಳಬಾಗಿಲು ಎಂಬ ಹೆಸರು ‘ಮೂಡಲ ಬಾಗಿಲು’ ಎಂಬುದರಿಂದ ಬಂದಿದೆ ಎಂದು ಊರವರು ಹೇಳುತ್ತಾರೆ. ಹಳೆಯ ಗೆಜೆಟಿಯರ್‌ಗಳೂ ಅದನ್ನೇ ಬರೆದಿವೆ. ವಿಜಯನಗರ ಕಾಲದಲ್ಲಿ ಈ ಊರಿಗೆ ‘ಮುಳುವಾಯಿ’ ಎಂಬ ಹೆಸರೂ ಇತ್ತು. ತಮಿಳಿನಲ್ಲಿ ‘ವಾಯಿಲ್’ ಎಂದರೂ ಬಾಗಿಲೇ. ಅಂದರೆ ಕನ್ನಡದ ಕಿವಿಗೂ ತಮಿಳಿನ ಕಿವಿಗೂ ಇದು ಬಾಗಿಲಿನ ಊರಾಗಿಯೇ ಕೇಳಿಸಿದೆ. ಬಾಗಿಲು ಎಂದ ಮೇಲೆ ಅದರ ಮೂಲಕ ಯಾರೋ ಒಳಗೆ ಬರುತ್ತಾರೆ, ಯಾರೋ ಹೊರಗೆ ಹೋಗುತ್ತಾರೆ. ಆದರೆ ಬಾಗಿಲಲ್ಲೇ ವಾಸವಿರುವವರು ಎಲ್ಲಿಗೆ ಹೋಗುತ್ತಾರೆ, ಹೇಗೆ ಹೋಗುತ್ತಾರೆ? ಕೋಲಾರ ಸೀಮೆಯ ಚರಿತ್ರೆ ಓದುವಾಗ ನನ್ನನ್ನು ಮತ್ತೆ ಮತ್ತೆ ತಡೆದು ನಿಲ್ಲಿಸಿದ ಪ್ರಶ್ನೆ ಇದು.

ನಾವು ಚರಿತ್ರೆಯನ್ನು ಸಾಮಾನ್ಯವಾಗಿ ಊರುಗಳ ಲೆಕ್ಕದಲ್ಲಿ ಓದುತ್ತೇವೆ. ಗಂಗರ ರಾಜಧಾನಿ ಕುವಲಾಲ, ಚೋಳರ ಕಾಲದ ಕೋಲಾರಮ್ಮನ ಗುಡಿ, ಆವಣಿಯ ದೇವಾಲಯಗಳು, ಹೈದರನ ತಂದೆಯ ಗೋರಿ, ಕೆಜಿಎಫ್‌ನ ಗಣಿ, ಹೀಗೆ. ಅದೇ ಚರಿತ್ರೆಯನ್ನು ದಾರಿಗಳ ಲೆಕ್ಕದಲ್ಲಿ ಓದಿದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಕೋಲಾರ ಜಿಲ್ಲೆಯ ನಕ್ಷೆಯಲ್ಲಿ ಪೂರ್ವ ಪಶ್ಚಿಮವಾಗಿ ಎರಡು ಹಳೆಯ ದಾರಿಗಳು ಕಾಣುತ್ತವೆ. ಉತ್ತರದ್ದು ಹೊಸಕೋಟೆ, ಕೋಲಾರ, ಮುಳಬಾಗಿಲು, ನಂಗಲಿ ಹಿಡಿದು ಪಲಮನೇರಿನ ಕಡೆ ಘಟ್ಟ ಇಳಿಯುತ್ತದೆ. ದಕ್ಷಿಣದ್ದು ಮಾಲೂರು, ಟೇಕಲ್ ಸೀಮೆಯಿಂದ ಬೇತಮಂಗಲ, ವೆಂಕಟಗಿರಿಕೋಟೆಗಳ ಕಡೆ ಸಾಗುತ್ತದೆ. ಇವೆರಡನ್ನೂ ಕಟ್ಟಿಹಾಕುವ ಮೂರನೆಯ ದಾರಿಯೊಂದು ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿಗಳ ಕಡೆ ಉತ್ತರಕ್ಕೆ ಏರುತ್ತದೆ. ಮೊದಲ ಎರಡು ದಾರಿಗಳು ಬೇರೆಯವರಿಗಾಗಿ ಬೆಳೆದವು. ಮೂರನೆಯದು ಮಾತ್ರ ಜಿಲ್ಲೆಗಾಗಿ ಹುಟ್ಟಿತು. ಈ ಮೂರರ ಕಥೆ ಒಂದೇ ಬಗೆಯಲ್ಲಿ ಮುಗಿದಿಲ್ಲ.

ಉತ್ತರದ ದಾರಿಯಿಂದ ಆರಂಭಿಸೋಣ. ಮೈಸೂರು ಪ್ರಸ್ಥಭೂಮಿ ಮುಳಬಾಗಿಲಿನ ಆಚೆ ಅಂಚಿಗೆ ಬರುತ್ತದೆ. ಅಲ್ಲಿಂದ ಮುಂದೆ ಘಟ್ಟ ಇಳಿದರೆ ಚಿತ್ತೂರು, ಆರ್ಕಾಟು, ಕಂಚಿ, ಸಮುದ್ರ. ತಮಿಳು ನಾಡಿನ ಬಯಲಿನಿಂದ ಮೇಲೆ ಹತ್ತುವವರಿಗೂ ಇಲ್ಲಿಂದ ಕೆಳಗೆ ಇಳಿಯುವವರಿಗೂ ಈ ಕಣಿವೆಗಳೇ ಗತಿ. ಚೋಳರು ಮೇಲೆ ಹತ್ತಿ ಬಂದರು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಅದಕ್ಕೆ ಇಂದಿಗೂ ಸಾಕ್ಷಿ. 14ನೇ ಶತಮಾನದಲ್ಲಿ ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ ಮುಳಬಾಗಿಲನ್ನು ನೆಲೆ ಮಾಡಿಕೊಂಡು ಕೆಳಗೆ ಇಳಿದ. ಕಂಚಿ ಸೀಮೆಯ ಶಂಬುವರಾಯರನ್ನು ಸೋಲಿಸಿ ಮುಂದೆ ಮಧುರೆಯವರೆಗೆ ಹೋದ. ಆ ದಂಡಯಾತ್ರೆಯನ್ನು ಅವನ ಮಡದಿ ಗಂಗಾದೇವಿ ‘ಮಧುರಾವಿಜಯಂ’ ಎಂಬ ಸಂಸ್ಕೃತ ಕಾವ್ಯ ಮಾಡಿದಳು. ದಕ್ಷಿಣದ ಚರಿತ್ರೆಯಲ್ಲಿ ಹೆಣ್ಣೊಬ್ಬಳು ಬರೆದ ಅಪರೂಪದ ದಂಡಯಾತ್ರೆಯ ಕಥೆ ಅದು. ಆ ಯಾತ್ರೆ ಹೊರಟ ನೆಲೆ ನಮ್ಮ ಮುಳಬಾಗಿಲು ಎಂಬುದನ್ನು ಕಾವ್ಯವನ್ನು ಬಲ್ಲವರೂ ಅಷ್ಟಾಗಿ ನೆನೆಯುವುದಿಲ್ಲ.

ಸೈನ್ಯಗಳು ಅಪರೂಪಕ್ಕೆ ಬಂದವು, ಯಾತ್ರಿಕರು ವರ್ಷವಿಡೀ ಬಂದರು. ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿ 15ನೇ ಶತಮಾನದ ಶ್ರೀಪಾದರಾಜರ ಮಠ, ವೃಂದಾವನಗಳಿವೆ. ಕನ್ನಡದಲ್ಲಿ ಕೀರ್ತನೆ ಕಟ್ಟಿದ ಹರಿದಾಸರ ಪರಂಪರೆಯಲ್ಲಿ ಅವರದು ಮೊದಲ ಸಾಲಿನ ಹೆಸರು. ಬಿ. ಎಲ್. ರೈಸ್ ತನ್ನ ಗೆಜೆಟಿಯರ್‌ನಲ್ಲಿ ದಾಖಲಿಸಿರುವಂತೆ ಪಶ್ಚಿಮದಿಂದ ತಿರುಪತಿಗೆ ಹೊರಟವರು ಮೊದಲು ನರಸಿಂಹತೀರ್ಥದಲ್ಲಿ ತಲೆ ಬೋಳಿಸಿಕೊಂಡು ಮಿಂದು ಮುಂದೆ ಹೋಗುತ್ತಿದ್ದರು. ತಿರುಪತಿಯ ಯಾತ್ರೆ ತಿರುಪತಿಯಲ್ಲಿ ಶುರುವಾಗುತ್ತಿರಲಿಲ್ಲ, ಇಲ್ಲಿ ಶುರುವಾಗುತ್ತಿತ್ತು. ದಾರಿ ಒಂದು ಊರಿಗೆ ಏನೆಲ್ಲ ಕೊಡಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ನಡೆದು ಬರುವವನಿಗೆ ನೆರಳು, ನೀರು, ಛತ್ರ, ಊಟ ಬೇಕು. ಅವನು ಒಂದು ರಾತ್ರಿಯಾದರೂ ಉಳಿಯಲೇಬೇಕು. ಉಳಿದವನು ಎರಡು ಕಾಸು ಖರ್ಚು ಮಾಡುತ್ತಾನೆ, ನಾಲ್ಕು ಮಾತು ಬಿಟ್ಟು ಹೋಗುತ್ತಾನೆ.

ಶ್ರೀನಿವಾಸಪುರದ ಹೆಸರೂ ಇದೇ ಯಾತ್ರೆಯ ಕೊಡುಗೆ. ಊರಿನ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯ ತಿರುಪತಿಯಿಂದ ಹಿಂದಿರುಗುವಾಗ ತನ್ನ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗೆ ಇಟ್ಟ ಎಂದು ಗೆಜೆಟಿಯರ್ ಹೇಳುತ್ತದೆ. ದಾರಿಹೋಕನೊಬ್ಬ ಊರಿನ ಹೆಸರನ್ನೇ ಬದಲಿಸಿದ. ಆದರೆ ಆ ದಾರಿಹೋಕ ದಿವಾನನಾಗಿದ್ದ ಎಂಬುದನ್ನು ಮರೆಯಬಾರದು. ಪಾಪನಪಲ್ಲಿ ಎಂಬ ತೆಲುಗು ಹೆಸರು ಕಡತದಲ್ಲಿ ಉಳಿಯಿತು. ತೆಲುಗು ಮಾತ್ರ ಆ ತಾಲ್ಲೂಕಿನ ಮನೆಗಳಲ್ಲಿ, ಮಾವಿನ ಮಂಡಿಗಳಲ್ಲಿ ಇಂದಿಗೂ ಕನ್ನಡದ ಜೊತೆ ಹಾಯಾಗಿದೆ.

18ನೇ ಶತಮಾನದಲ್ಲಿ ಇದೇ ದಾರಿಯ ಮೇಲೆ ಮೈಸೂರು ಮತ್ತು ಇಂಗ್ಲಿಷರ ಯುದ್ಧಗಳು ನಡೆದವು. 1768ರ ಅಕ್ಟೋಬರ್‌ನಲ್ಲಿ ಮುಳಬಾಗಿಲಿನ ಬಂಡೆಗಳ ನಡುವೆ ಹೈದರಾಲಿ ಕರ್ನಲ್ ವುಡ್‌ನ ಪಡೆಯನ್ನು ಸೋಲಿನ ಅಂಚಿಗೆ ತಂದಿದ್ದ. ಆಗ ಬ್ರೂಕ್ ಎಂಬ ಕ್ಯಾಪ್ಟನ್ ಬಂಡೆಯ ಮೇಲೆ ಫಿರಂಗಿ ಏರಿಸಿ, ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂತೆಂದು ಕೂಗಿಸಿದ. ಆ ಸುಳ್ಳನ್ನು ಎರಡೂ ಕಡೆಯವರು ನಂಬಿದ್ದರಿಂದ ವುಡ್ ಉಳಿದುಕೊಂಡ. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಆಂಬೂರಿನ ಕಡೆ ಹೋಗುವವನಂತೆ ತೋರಿಸಿ, ಥಟ್ಟನೆ ಮುಗಳಿ ಘಟ್ಟ ಹತ್ತಿ ಬಂದ. ಕೋಲಾರ, ಹೊಸಕೋಟೆಗಳು ಸುಲಭವಾಗಿ ಅವನ ಕೈಸೇರಿದವು. ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆಯೂ ಬಿತ್ತು. ಟಿಪ್ಪುವಿನ ಚರಿತ್ರೆ ಬರೆಯುವವರಿಗೆ ಕೋಲಾರ ಇಲ್ಲಿ ಒಂದು ವಾಕ್ಯದ ಊರು. ಆದರೆ ಫಿರಂಗಿ ಎಳೆಯುವ ಸಾವಿರಾರು ಎತ್ತುಗಳು ಮೇಯದೆ ಇರುವುದಿಲ್ಲ, ಸೈನ್ಯ ಬೀಡುಬಿಟ್ಟ ಕೆರೆಯ ನೀರು ಮೊದಲಿನಂತೆ ಉಳಿಯುವುದಿಲ್ಲ. ದಾರಿಯ ಮೇಲಿನ ಊರುಗಳಿಗೆ ಯಾತ್ರಿಕನೂ ಅತಿಥಿ, ದಂಡೂ ಅತಿಥಿ. ಯಾರು ಬರಬೇಕೆಂದು ಆರಿಸುವ ಹಕ್ಕು ಊರಿಗಿರಲಿಲ್ಲ.

ದಕ್ಷಿಣದ ದಾರಿಯನ್ನು ವಿವರವಾಗಿ ಬರೆದಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರ ಏಪ್ರಿಲ್‌ನಲ್ಲಿ, ಗೆದ್ದ ನಾಡಿನ ಬೆಳೆ, ಕಸುಬು, ಮಣ್ಣುಗಳ ಲೆಕ್ಕ ಮಾಡಲು ಅವನು ಮದರಾಸಿನಿಂದ ಹೊರಟ. ಘಟ್ಟ ಹತ್ತಿ ವೆಂಕಟಗಿರಿಕೋಟೆ, ಬೇತಮಂಗಲ, ಟೇಕಲ್‌ಗಳ ಮೂಲಕ ಮೇ ತಿಂಗಳಲ್ಲಿ ಬೆಂಗಳೂರು ತಲುಪಿದ. ಮುಂದೆ ಅದೇ ವರ್ಷ ಕೋಲಾರಕ್ಕೂ ಬಂದ. ಅವನ ಬರಹ ದಿನಚರಿಯ ರೂಪದಲ್ಲಿದೆ. ಇಂದು ಇಷ್ಟು ಹರದಾರಿ ನಡೆದೆ, ಇಂಥ ಮಣ್ಣು, ಇಂಥ ಕೆರೆ ಎಂಬ ಧಾಟಿ. ನಮ್ಮ ಸೀಮೆಯ ಬಗ್ಗೆ ಕೆಲಸ ಮಾಡುವವರೆಲ್ಲ ಅವನಿಗೆ ಋಣಿಗಳು. ಆದರೆ ಅವನು ಬರೆದದ್ದು ಕಂಪನಿಗಾಗಿ. ಯಾವ ದಾರಿಯಲ್ಲಿ ಏನನ್ನು ಹೊತ್ತೊಯ್ಯಬಹುದು ಎಂಬುದು ಆ ದಿನಚರಿಯ ಒಳಗಿನ ಪ್ರಶ್ನೆ.

ಅರವತ್ತನಾಲ್ಕು ವರ್ಷಗಳ ನಂತರ ಅದಕ್ಕೆ ಕಬ್ಬಿಣದ ಉತ್ತರ ಬಂತು. 1864ರಲ್ಲಿ ಮದರಾಸ್ ರೈಲ್ವೆಯ ಜೋಲಾರಪೇಟೆ-ಬೆಂಗಳೂರು ದಂಡು ಮಾರ್ಗ ಆರಂಭವಾಯಿತು. ಅದು ಹಿಡಿದದ್ದು ದಕ್ಷಿಣದ ಸೀಮೆಯನ್ನು: ಕಾಮಸಮುದ್ರ, ಬೌರಿಂಗ್‌ಪೇಟೆ, ಟೇಕಲ್, ಮಾಲೂರು. ಜಿಲ್ಲೆಯ ಮುಖ್ಯ ಪಟ್ಟಣ ಕೋಲಾರ ಹಳಿಯಿಂದ ಸುಮಾರು 10 ಮೈಲಿ ಉತ್ತರಕ್ಕೆ ಉಳಿಯಿತು. ಮುಳಬಾಗಿಲು ಇನ್ನೂ ದೂರ ಉಳಿಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಲ್ಲಿ ನಿಲ್ದಾಣದ ಸುತ್ತ ಹೊಸ ಪೇಟೆ ಬೆಳೆಯಿತು. ಜನರ ಬಾಯಲ್ಲಿ ಅದು ಮುಂದೆ ಬಂಗಾರಪೇಟೆ ಆಯಿತು. ಸಾವಿರ ವರ್ಷದ ಕೋಲಾರಕ್ಕೆ ಹೋಗಬೇಕಾದವರು ನಿನ್ನೆ ಮೊನ್ನೆ ಹುಟ್ಟಿದ ಬೌರಿಂಗ್‌ಪೇಟೆಯಲ್ಲಿ ಇಳಿದು ಗಾಡಿ ಹಿಡಿಯಬೇಕಾಯಿತು. ಮದರಾಸಿನ ದಾರಿ ಎಂದು ಶತಮಾನಗಳಿಂದ ಹೆಸರಾಗಿದ್ದ ಉತ್ತರದ ದಾರಿಗೆ ಅದು ಮೊದಲ ಪೆಟ್ಟು. ರೈಲಿನಲ್ಲಿ ಕೂತವನಿಗೆ ದಾರಿಯಲ್ಲಿ ಛತ್ರ ಬೇಕಿಲ್ಲ, ಅರವಟ್ಟಿಗೆ ಬೇಕಿಲ್ಲ.

ಆ ಮುಖ್ಯ ಹಳಿಯಿಂದ ಮೊದಲ ಕವಲು ಒಡೆದದ್ದು ಕೋಲಾರದ ಕಡೆಗಲ್ಲ, ಚಿನ್ನದ ಕಡೆಗೆ. 1802ರ ಹೊತ್ತಿಗೆ ಮೈಸೂರಿನ ಗಡಿ ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಂಗಳ ಮಣ್ಣಿನಲ್ಲಿ ಚಿನ್ನವಿದೆ ಎಂಬ ಸುದ್ದಿ ಕೇಳಿ, ತೋರಿಸಿದವರಿಗೆ ಬಹುಮಾನ ಎಂದ. ಹಳ್ಳಿಯವರು ಗಾಡಿಗಳಲ್ಲಿ ಮಣ್ಣು ತಂದು ಅವನ ಮುಂದೆ ತೊಳೆದು ಚಿನ್ನದ ಕಣ ತೋರಿಸಿದರು ಎಂದು ಕಥೆ. ವಾರನ್ ಬರೆದದ್ದನ್ನು ಓದಿದ ಮೈಕೆಲ್ ಲವೆಲ್ 1871ರಲ್ಲಿ ಬೆಂಗಳೂರಿನಿಂದ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದ ಎಂದು ಕೆಜಿಎಫ್‌ನ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಕುತೂಹಲದ ಸಂಗತಿ ಎಂದರೆ ಆ ಹೊತ್ತಿಗೆ ಬೌರಿಂಗ್‌ಪೇಟೆಗೆ ರೈಲು ಬಂದು ಏಳು ವರ್ಷವಾಗಿತ್ತು. ರೈಲಿನಲ್ಲಿ ಬಂದಿದ್ದರೂ ಕೊನೆಯ ಹತ್ತು ಮೈಲಿಗೆ ಎತ್ತುಗಳನ್ನೇ ನಂಬಬೇಕಿತ್ತು. ಚಿನ್ನದ ಚರಿತ್ರೆಗೆ ಎತ್ತಿನ ಗಾಡಿಯೇ ಚೆಂದ ಒಪ್ಪುತ್ತದೆ, ಹಾಗಾಗಿ ಕಥೆಯಲ್ಲಿ ಅದೇ ಉಳಿದಿರಬಹುದು.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗೆ ಕೈ ಹಾಕಿದ ಮೇಲೆ ಎಲ್ಲ ಬೇಗ ಬೇಗ ಆಯಿತು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ 10 ಮೈಲಿಯ ಬ್ರಾಡ್‌ಗೇಜ್ ಹಳಿ ಬಂತು. ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರೇ ನಿಲ್ದಾಣಗಳ ಹೆಸರಾಯಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರಕ್ಕೆ ವಿದ್ಯುತ್ ತಂತಿ ಎಳೆದರು. ಇವನ್ನೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದವೇ. ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳೋಣ. ಮುಖ್ಯ ಹಳಿ ಬಂದು 49 ವರ್ಷ, ಗಣಿಯ ಕವಲು ಬಂದು 19 ವರ್ಷ ಕಳೆದ ಮೇಲೆ, 1913ರಲ್ಲಿ, ಕೋಲಾರ ಪಟ್ಟಣಕ್ಕೆ ರೈಲು ಬಂತು. ಅದೂ ಬ್ರಾಡ್‌ಗೇಜ್ ಅಲ್ಲ, ಎರಡೂವರೆ ಅಡಿ ಅಗಲದ ನ್ಯಾರೋಗೇಜ್.

ಆ ಕಥೆಗೆ ಹೋಗುವ ಮೊದಲು ಗಣಿಯ ಹಳಿಯ ಮೇಲೆ ಬಂದವರ ಬಗ್ಗೆ ಎರಡು ಮಾತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಸಾವಿರಾರು ಕೂಲಿಕಾರರು, ಬಹುಪಾಲು ದಲಿತರು, ಈ ದಾರಿಯಲ್ಲಿ ಮೇಲೆ ಬಂದರು. ಊರಿನ ಜಮೀನ್ದಾರನಿಂದ, ಜಾತಿಯ ಕಟ್ಟಿನಿಂದ ತಪ್ಪಿಸಿಕೊಂಡವರಿಗೆ ಅದು ಬಿಡುಗಡೆಯ ದಾರಿಯೂ ಹೌದು. ಆದರೆ ಭೂಮಿಯ ಕೆಳಗೆ ಇಳಿಸಿದ ದಾರಿಯೂ ಅದೇ. ಗಣಿ ಮಾಲೀಕರಿಗೆ ಚಿನ್ನ ಹೊರಗೆ ಹೋಗುವುದು ಬೇಕಿತ್ತು, ಕೂಲಿಯವನು ಮನಬಂದಂತೆ ಓಡಾಡುವುದು ಬೇಕಿರಲಿಲ್ಲ. 1930ರಲ್ಲಿ ಕೂಲಿಕಾರರ ಬೆರಳಚ್ಚು ತೆಗೆದುಕೊಳ್ಳುವ ನೋಂದಣಿ ಪದ್ಧತಿಯನ್ನು ಎದುರಿಸಿ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಬೆರಳಚ್ಚು ಎಂದರೆ ಒಂದು ಗಣಿ ಬಿಟ್ಟು ಇನ್ನೊಂದಕ್ಕೆ ಹೋದವನನ್ನು ಗುರುತು ಹಿಡಿಯುವ ಉಪಾಯ. ನಾಲ್ಕು ಮೈಲಿ ಆಚೆಯ ಗಣಿಗೆ ಹೋಗುವ ಸ್ವಾತಂತ್ರ್ಯಕ್ಕಾಗಿ ನಡೆದ ಜಗಳ ಅದು ಎಂದು ನಾನು ಓದಿಕೊಂಡಿದ್ದೇನೆ. ದಾರಿಗಳ ಚರಿತ್ರೆಯಲ್ಲಿ ಅದಕ್ಕೆ ಒಂದು ಜಾಗ ಇರಲೇಬೇಕು.

ಈಗ ಮೂರನೆಯ ದಾರಿ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಬಂದ ನ್ಯಾರೋಗೇಜ್ ಹಳಿ ಕೆಲವೇ ವರ್ಷಗಳಲ್ಲಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ದಾಟಿ ಚಿಕ್ಕಬಳ್ಳಾಪುರ ಮುಟ್ಟಿತು. ಆ ಕಡೆಯಿಂದ 1915ರಲ್ಲಿ ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ದೇವನಹಳ್ಳಿಯ ಮೂಲಕ ಬಂದು ಸೇರಿತು. ಹೀಗೆ ಬಂಗಾರಪೇಟೆಯಿಂದ ಹೊರಟು ಜಿಲ್ಲೆಯನ್ನು ಅರೆ ಸುತ್ತು ಹಾಕಿ, ನಂದಿಬೆಟ್ಟದ ಕೆಳಗೆ ಹಾದು, ಯಲಹಂಕದ ಕಡೆಯಿಂದ ಬೆಂಗಳೂರು ಸೇರುವ ದಾರಿಯೊಂದು ಆಯಿತು. ಬೆಂಗಳೂರಿಗೆ ಬೇಗ ಹೋಗಬೇಕಾದವನು ಹಿಡಿಯುವ ರೈಲು ಅದಲ್ಲ. ಅದಿದ್ದದ್ದು ತಾಲ್ಲೂಕಿನಿಂದ ತಾಲ್ಲೂಕಿಗೆ. ಶಿಡ್ಲಘಟ್ಟದ ರೇಷ್ಮೆ, ಚಿಂತಾಮಣಿಯ ಕಿರಾಣಿ, ಶ್ರೀನಿವಾಸಪುರದ ಮಾವು, ಕೋಲಾರದ ಕಚೇರಿ, ಬಂಗಾರಪೇಟೆಯ ಜಂಕ್ಷನ್: ಇವುಗಳ ನಡುವೆ ಓಡಾಡುವ ಜನಕ್ಕೆ ಹೇಳಿ ಮಾಡಿಸಿದಂತಿತ್ತು. ಕೋಲಾರ ಜಿಲ್ಲಾ ರೈಲ್ವೆ ಎಂದು ಅದರ ಹೆಸರಿನಲ್ಲೇ ಜಿಲ್ಲೆ ಇತ್ತು. ಜಿಲ್ಲೆಯವರು ಜಿಲ್ಲೆಯೊಳಗೇ ಓಡಾಡಲೆಂದು ಹಾಕಿದ ಒಂದೇ ಒಂದು ಹಳಿ ಅದು.

ಮುಳಬಾಗಿಲಿಗೆ ಅದೂ ಬರಲಿಲ್ಲ. ಇಂದಿಗೂ ಅಲ್ಲಿ ರೈಲು ನಿಲ್ದಾಣವಿಲ್ಲ. 1887ರಲ್ಲಿ ಆ ಊರಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಬದುಕು ಅರಸಿ ಮೊದಲು ಚಿನ್ನದ ಗಣಿಯ ಪ್ರದೇಶಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋದರು. ಬೆಂಗಳೂರಿನಲ್ಲಿ ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಾರ್ಖಾನೆಯಲ್ಲೂ ಕೆಲಸ ಮಾಡಿದರು. ಮುಂದೆ ಕಗ್ಗದಲ್ಲಿ ಅವರು ಬದುಕನ್ನು ಜಟಕಾ ಗಾಡಿಗೆ ಹೋಲಿಸಿದಾಗ ಅದು ಬರೀ ರೂಪಕವಾಗಿರಲಿಲ್ಲ. 1891ರಲ್ಲಿ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ತಾಲ್ಲೂಕಿನಲ್ಲಿ ಅಷ್ಟು ಹೊತ್ತಿಗಾಗಲೇ ರೈಲು ಇತ್ತು. ಮಾಸ್ತಿ ಊರಿಗೆ ಮಾತ್ರ ಇರಲಿಲ್ಲ. ಈ ಇಬ್ಬರು ಹಿರಿಯರೂ ಕೋಲಾರ ಜಿಲ್ಲೆಯವರು ಎಂದು ಪಠ್ಯಪುಸ್ತಕ ಒಂದೇ ಉಸಿರಿನಲ್ಲಿ ಹೇಳುತ್ತದೆ. ಇಬ್ಬರ ಊರುಗಳೂ ಬೆಂಗಳೂರಿಗೆ ಹತ್ತಿರ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಅಂದೂ ತ್ರಾಸ, ಇಂದೂ ಅಷ್ಟು ಸಲೀಸಲ್ಲ.

ರೈಲು ಬಿಟ್ಟುಹೋದ ಜಾಗವನ್ನು ತುಂಬಿದ್ದು ಬಸ್ಸು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಅದು ನಿಗಮವಾಯಿತು. ಖಾಸಗಿ ಬಸ್ಸುಗಳೂ ಜೊತೆಗಿದ್ದವು, ಈಗಲೂ ಇವೆ. ಉತ್ತರದ ಹಳೆಯ ದಾರಿ ರಾಷ್ಟ್ರೀಯ ಹೆದ್ದಾರಿ 4 ಎಂಬ ಹೆಸರಿನಲ್ಲಿ ಮತ್ತೆ ಜೀವ ತಳೆಯಿತು. ಮದರಾಸು, ತಿರುಪತಿ, ಚಿತ್ತೂರುಗಳ ಬಸ್ಸು, ಲಾರಿಗಳೆಲ್ಲ ಕೋಲಾರ, ಮುಳಬಾಗಿಲುಗಳ ನಡುವೆಯೇ ಹೋಗತೊಡಗಿದವು. ದಾರಿಹೋಕರು ಮತ್ತೆ ನಿಂತರು. ಮುಳಬಾಗಿಲಿನ ದೋಸೆ ನಾಡಿನಲ್ಲೆಲ್ಲ ಹೆಸರು ಮಾಡಿತು. ಹಿಂದೆ ಛತ್ರಗಳು ಮಾಡಿದ ಕೆಲಸವನ್ನು ಹೋಟೆಲುಗಳು ಮಾಡಿದವು.

ಈ ಶತಮಾನದ ಆರಂಭದಲ್ಲಿ ಮತ್ತೊಮ್ಮೆ ದಾರಿ ಬದಲಾಯಿತು. ಸುವರ್ಣ ಚತುಷ್ಪಥ ಯೋಜನೆಯ ಚೆನ್ನೈ-ಬೆಂಗಳೂರು ಭಾಗ ಕೋಲಾರದ ಮೂಲಕ ಬರದೆ ಕೃಷ್ಣಗಿರಿ, ಹೊಸೂರಿನ ಮೂಲಕ ಹೋಯಿತು. ಉತ್ತರದ ದಾರಿಯೂ ಆಮೇಲೆ ಅಗಲವಾಯಿತು, ಹೆಸರೂ ರಾಷ್ಟ್ರೀಯ ಹೆದ್ದಾರಿ 75 ಎಂದಾಯಿತು. ಅಗಲವಾದಾಗ ಊರುಗಳಿಗೆ ಬೈಪಾಸ್ ಬಂತು. ಬೈಪಾಸ್ ಎಂಬ ಮಾತನ್ನು ನಾವು ಎಷ್ಟು ಸಹಜವಾಗಿ ಬಳಸುತ್ತೇವೆ! ಊರನ್ನು ತಪ್ಪಿಸಿ ಹೋಗುವ ದಾರಿ ಎಂದು ಬಿಡಿಸಿ ಹೇಳಿದರೆ ಮಾತ್ರ ಅದರ ಅರ್ಥ ತಟ್ಟುತ್ತದೆ.

ಅದೇ ಹೊತ್ತಿಗೆ ದಕ್ಷಿಣದ ದಾರಿಯಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿತು. ಚಿನ್ನಕ್ಕಾಗಿ ಹಾಕಿದ ಹಳಿಯ ಮೇಲೆ ಈಗ ಗಣಿಯವರ ಮಕ್ಕಳು ಬೆಳಗಿನ ಜಾವ ಬೆಂಗಳೂರಿಗೆ ಹೊರಡುತ್ತಾರೆ. ಮಾರಿಕುಪ್ಪಂನಲ್ಲಿ ಹತ್ತಿ ಜಾಗ ಹಿಡಿದವರ ಜೊತೆ ಬಂಗಾರಪೇಟೆ, ಟೇಕಲ್, ಮಾಲೂರಿನವರು ಸೇರಿಕೊಳ್ಳುತ್ತಾರೆ. ವೈಟ್‌ಫೀಲ್ಡ್, ಕೃಷ್ಣರಾಜಪುರ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ ಬೋಗಿಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ಒಂದೇ ಮಾತಿನಲ್ಲಿ ಕಲೆಯುತ್ತವೆ. ಇಸ್ಪೀಟು ನಡೆಯುತ್ತದೆ, ಹೂ ಕಟ್ಟುವುದು ನಡೆಯುತ್ತದೆ, ನಿಂತೇ ನಿದ್ದೆ ಮಾಡುವವರೂ ಇದ್ದಾರೆ. ಸೀಸನ್ ಟಿಕೆಟ್ಟೇ ಈಗ ಆ ಊರಿನ ಕಸುಬಿನ ಗುರುತು. ಮಾಲೂರಿನ ಇಟ್ಟಿಗೆ, ಹೆಂಚು ಬೆಂಗಳೂರನ್ನು ಕಟ್ಟಿದವು. ಮಾಲೂರು, ಕೆಜಿಎಫ್‌ಗಳ ಜನ ದಿನಾ ಹೋಗಿ ಅದನ್ನು ನಡೆಸಿ ರಾತ್ರಿ ಮನೆಗೆ ಬರುತ್ತಾರೆ.

ಮೂರನೆಯ ದಾರಿಯ ಗತಿ ಏನಾಯಿತು? ಬಂಗಾರಪೇಟೆ-ಕೋಲಾರ ನಡುವಿನ ನ್ಯಾರೋಗೇಜ್ ಬ್ರಾಡ್‌ಗೇಜ್ ಆದ ಮೇಲೆ ಅಲ್ಲಿ ಹಲವು ಕಾಲ ಓಡಿದ್ದು ರೈಲು ಬಸ್, ಅಂದರೆ ಹಳಿಯ ಮೇಲಿನ ಒಂಟಿ ಬಸ್ಸು. ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿಯ ಮೂಲಕ ಚಿಕ್ಕಬಳ್ಳಾಪುರದವರೆಗಿನ ಭಾಗಕ್ಕೆ ಬ್ರಾಡ್‌ಗೇಜ್ ರೈಲು ಬಂದದ್ದು 2013ರಲ್ಲಿ. ಅಷ್ಟರಲ್ಲಿ ಜಿಲ್ಲೆಯೇ ಎರಡಾಗಿತ್ತು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. ಚಿಂತಾಮಣಿ, ಶಿಡ್ಲಘಟ್ಟಗಳು ಅತ್ತ ಹೋದವು. ನಡುವೆ ರೈಲಿಲ್ಲದೆ ಬೆಳೆದವರು ಬಸ್ಸಿಗೆ, ಮೊಪೆಡ್ಡಿಗೆ, ಶೇರ್ ಆಟೊಗೆ ಒಗ್ಗಿಹೋಗಿದ್ದರು. ಹಳಿ ಮರಳಿ ಬಂತು, ಆದರೆ ತಾಲ್ಲೂಕಿನಿಂದ ತಾಲ್ಲೂಕಿಗೆ ರೈಲಿನಲ್ಲಿ ಹೋಗುವ ಅಭ್ಯಾಸ ಮರಳಿ ಬರಲಿಲ್ಲ. ಅಭ್ಯಾಸ ಬೆಳೆಯಲು ದಿನಕ್ಕೆ ಒಂದೆರಡು ರೈಲು ಸಾಲದು.

ಈಗಿನ ಹೊಸ ದಾರಿ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ. ಒಟ್ಟು ಉದ್ದ ಸುಮಾರು 262 ಕಿ.ಮೀ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲಗಳ ಸೀಮೆಯಲ್ಲಿ ಹಾದುಹೋಗುವ ಕರ್ನಾಟಕದ ಭಾಗದಲ್ಲಿ 2024ರ ಕೊನೆಯಿಂದ ವಾಹನಗಳು ಓಡುತ್ತಿವೆ. ನಕ್ಷೆ ತೆಗೆದು ನೋಡಿದರೆ ಇದು ಹೆಚ್ಚುಕಡಿಮೆ ಬುಕಾನನ್ ಬಂದ ಸೀಮೆಯೇ. 225 ವರ್ಷಗಳ ಅಂತರದಲ್ಲಿ ಮದರಾಸಿನಿಂದ ಬೆಂಗಳೂರಿಗೆ ಬರುವವರು ಮತ್ತೆ ಬೇತಮಂಗಲದ ಪಕ್ಕದಲ್ಲೇ ಹಾದುಹೋಗುತ್ತಿದ್ದಾರೆ. ವ್ಯತ್ಯಾಸವೆಂದರೆ ಬುಕಾನನ್ ಅಲ್ಲಿ ಉಳಿಯಲೇಬೇಕಿತ್ತು. ಎಕ್ಸ್‌ಪ್ರೆಸ್‌ವೇಯ ನಿಯಮದಲ್ಲಿ ದ್ವಿಚಕ್ರ ವಾಹನಕ್ಕೆ, ಆಟೊಗೆ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಹಳ್ಳಿಯವರಿಗೆ ಇರುವ ವಾಹನಗಳೂ ಹೆಚ್ಚಾಗಿ ಇವೇ. 2022ರ ನವೆಂಬರ್‌ನಲ್ಲಿ ಬಂದ ಚೆನ್ನೈ-ಮೈಸೂರು ವಂದೇ ಭಾರತ್ ರೈಲು ಜಿಲ್ಲೆಯ ಉದ್ದಕ್ಕೂ ಓಡುತ್ತದೆ, ಎಲ್ಲೂ ನಿಲ್ಲುವುದಿಲ್ಲ. ದಾರಿಯ ವೇಗ ಹೆಚ್ಚಿದಷ್ಟೂ ನಡುವಿನ ಊರು ತೆಳುವಾಗುತ್ತ ಹೋಗುತ್ತದೆ ಎಂಬುದನ್ನು ಎತ್ತಿನ ಗಾಡಿಯಿಂದ ಇಲ್ಲಿಯವರೆಗಿನ ಕಥೆ ಮತ್ತೆ ಮತ್ತೆ ತೋರಿಸುತ್ತದೆ.

ವೇಗದ ದಾರಿಗಳು ಊರಿಗೆ ಏನೂ ಕೊಟ್ಟಿಲ್ಲ ಎನ್ನುವುದು ತಪ್ಪಾದೀತು. ಕೋಲಾರದ ಎಪಿಎಂಸಿಯಿಂದ ರಾತ್ರೋರಾತ್ರಿ ಹೊರಡುವ ಟೊಮೆಟೊ ಕ್ರೇಟುಗಳು ದೇಶದ ಮೂಲೆ ಮೂಲೆ ಸೇರುವುದು ಹೆದ್ದಾರಿಯಿಂದಲೇ. ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳು ಬಂದದ್ದೂ ಹೆದ್ದಾರಿ, ರೈಲುಗಳ ಸೆರಗು ಹಿಡಿದೇ. ಶ್ರೀನಿವಾಸಪುರದ ತೋತಾಪುರಿ ಮಾವು ಚಿತ್ತೂರಿನ ತಿರುಳು ಕಾರ್ಖಾನೆಗಳಿಗೆ ಹೋಗುವುದೂ ಮೂಡಲ ಬಾಗಿಲಿನ ಮೂಲಕವೇ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿತು. ಬೆಲೆ ಕುಸಿದ ವರ್ಷ ಅವರ ರೈತರನ್ನು ಕಾಯಲು ಅವರು ಹಾಗೆ ಮಾಡಿದರು. ಈ ಕಡೆ ಹಣ್ಣು ತುಂಬಿದ ಟ್ರ್ಯಾಕ್ಟರುಗಳಿಗೆ ಹೋಗಲು ಜಾಗವಿಲ್ಲದಾಯಿತು. ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು, ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಬಾಗಿಲು ಎಂದರೆ ಮುಚ್ಚಬಲ್ಲದ್ದು ಕೂಡ ಎಂಬುದು ಆ ಬೇಸಿಗೆಯಲ್ಲಿ ಎಲ್ಲರಿಗೂ ನೆನಪಾಯಿತು.

ಶಾಸನ, ಕೆರೆಗಳನ್ನು ನೋಡಲು ನಾನು ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುತ್ತಿರುತ್ತೇನೆ. ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿ.ಮೀ., ಮಾಲೂರಿಗೂ ಸುಮಾರು ಅಷ್ಟೇ, ಶ್ರೀನಿವಾಸಪುರಕ್ಕೆ ಇನ್ನೂ ಕಡಿಮೆ. ನಾಲ್ಕೂ ಒಂದೇ ದಿನದಲ್ಲಿ ಸುತ್ತಿ ಬರಬಹುದಾದ ಊರುಗಳು. ಬೆಂಗಳೂರಿಗೆ ಹೋಗುವ ಬಸ್ಸು ಮಾತ್ರ ನಿಂತ ಮೂರು ನಿಮಿಷಕ್ಕೆ ಬರುತ್ತದೆ. ಹೋಬಳಿಯ ಒಳಗಿನ ಹಳ್ಳಿಗೆ ಹೋಗುವ ಬಸ್ಸಿನ ವೇಳೆಯನ್ನು ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಬೇಕು. ಅದು ತಪ್ಪಿದರೆ ಶೇರ್ ಆಟೊ ತುಂಬುವವರೆಗೆ ಕಾಯಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಬಸ್ಸುಗಳಲ್ಲಿ ಹೆಣ್ಣುಮಕ್ಕಳು ಹೆಚ್ಚು ಕಾಣುತ್ತಾರೆ. ಆಸ್ಪತ್ರೆಗೆ, ಕಾಲೇಜಿಗೆ, ತವರಿಗೆ, ಕೋಲಾರಮ್ಮನ ಗುಡಿಗೆ ಹೊರಟವರು. ಗೆಜೆಟಿಯರ್‌ಗಳ ದಾರಿಗಳಲ್ಲಿ ಸೈನಿಕ, ಯಾತ್ರಿಕ, ಸಾಹೇಬ, ವ್ಯಾಪಾರಿ ಸಿಗುತ್ತಾರೆ. ತನ್ನ ಊರಿನಿಂದ ಪಕ್ಕದ ತಾಲ್ಲೂಕಿಗೆ ಹೊರಟ ಹೆಂಗಸು ಸಿಗುವುದಿಲ್ಲ. ಅವಳು ಆಗಲೂ ಹೊರಟಿದ್ದಾಳೆ, ಹೆಚ್ಚಾಗಿ ನಡೆದುಕೊಂಡೇ. ಯಾರೂ ಬರೆದಿಡಲಿಲ್ಲ, ಅಷ್ಟೇ.

ಈಗಲೂ ಹೊಸ ಹಳಿಗಳ ಮಾತು ನಡೆಯುತ್ತಲೇ ಇದೆ. ಮಾರಿಕುಪ್ಪಂನಿಂದ ಕುಪ್ಪಂಗೆ, ಕೋಲಾರದಿಂದ ವೈಟ್‌ಫೀಲ್ಡ್‌ಗೆ, ಮುಳಬಾಗಿಲಿಗೆ ಎಂದು ಬಜೆಟ್ಟಿನ ಸಮಯದಲ್ಲಿ ಹೆಸರುಗಳು ಕೇಳಿಬರುತ್ತವೆ. ಬಂದರೆ ಒಳ್ಳೆಯದೇ. ಆದರೆ ಹೊಸ ದಾರಿಯೊಂದರ ನಕ್ಷೆ ಬಂದಾಗ ಬೆಂಗಳೂರಿಗೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ಕೇಳುವ ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಬೇಕು. ಅದು ನಮ್ಮ ಊರಲ್ಲಿ ನಿಲ್ಲುತ್ತದೆಯೇ? ಅದರಲ್ಲಿ ಪಕ್ಕದ ತಾಲ್ಲೂಕಿಗೆ ಹೋಗಬಹುದೇ? 1913ರ ಎರಡೂವರೆ ಅಡಿಯ ಹಳಿ ಈ ಎರಡಕ್ಕೂ ಹೌದು ಎಂದಿತ್ತು. ಅದಕ್ಕಿಂತ ಅಗಲವಾದ, ವೇಗವಾದ ದಾರಿಗಳು ಆಮೇಲೆ ಎಷ್ಟೋ ಬಂದಿವೆ. ಆ ಉತ್ತರವನ್ನು ಇನ್ನೊಂದು ದಾರಿ ಕೊಡುವವರೆಗೆ ಮಾಸ್ತಿಯಿಂದ ಹೊರಟವರು ಮಾಲೂರಿನಲ್ಲಿ ಇಳಿದು, ಕೋಲಾರದ ಬಸ್ಸು ಹಿಡಿದು, ಕೋಲಾರದಲ್ಲಿ ಮತ್ತೆ ಇಳಿದು ಮುಳಬಾಗಿಲಿನ ಬಸ್ಸು ಹತ್ತಬೇಕು.